ಶ್ರುತಿ ಇಳೀತಾ, ಅಕ್ಕಾ?

ಕನಕವಲ್ಲಿಯಮ್ಮ ನಮ್ಮೂರಿಗೆ ಹಾಡೋಕೆ ಬರ್ತಾರೆ ಅಂತ ನೇಕಾರರ ಸಂಘದ ಗೋಡೆಗೆ ಪೋಸ್ಟರ್ ಅಂಟಿಸಿದ ದಿನ ಅರ್ಧ ಊರು ಹಿಗ್ಗಿತು, ಇನ್ನರ್ಧ ಊರಿಗೆ ಜ್ವರ ಬಂತು. ನಾನು ಜ್ವರದ ಕಡೆಯವನು. ಅವತ್ತಿನಿಂದ ಹದಿನೇಳು ದಿನ ನನ್ನ ಗಂಟಲಲ್ಲಿ ಅನ್ನ ನೆಟ್ಟಗೆ ಇಳಿಯಲಿಲ್ಲ. ಹೊಲಿಗೆ ಮಿಷನ್ ರಿಪೇರಿ ಮಾಡೋ ಕೈ ನನ್ನದು, ನಲವತ್ತು ವರ್ಷದಲ್ಲಿ ಒಂದು ಸ್ಕ್ರೂ ಕಳೆದವನಲ್ಲ; ಆ ಹದಿನೇಳು ದಿನದಲ್ಲಿ ಮೂರು ಕಳೆದೆ.

ಹೊರಗಿನವರಿಗೆ ಇದು ಅರ್ಥ ಆಗಲ್ಲ, ಅದಕ್ಕೇ ಹೇಳ್ತೀನಿ. ನಮ್ಮೂರಲ್ಲಿ ಯಾರಾದರೂ ಬಂದು ಕೂತು, ತಾವು ಹಿಂದೆ ರೆಕಾರ್ಡು ಕೊಟ್ಟ ಹಾಡನ್ನ ಎದುರಿಗೆ ಹಾಡಿದರು ಅನ್ನಿ, ಹಾಡಿ ಮುಗಿಸೋ ಹೊತ್ತಿಗೆ ಊರಲ್ಲಿರೋ ಆ ರೆಕಾರ್ಡು ಖಾಲಿ. ಗ್ರಾಮಫೋನ್ ಪ್ಲೇಟಾಗಲಿ, ಕ್ಯಾಸೆಟ್ಟಾಗಲಿ, ಮೊಬೈಲಾಗಲಿ, ಎಲ್ಲಾ ಒಂದೇ ಕಥೆ. ಪಕ್ಕದೂರಿನ ಬೀಗರ ಮನೇಲಿ ಬಚ್ಚಿಟ್ಟವರೂ ಇದ್ದಾರೆ; ವಾಪಸು ತರುವಾಗ ಊರ ಬಾಗಿಲಲ್ಲೇ ಖಾಲಿಯಾಯಿತು. ಯಾಕೆ ಅಂತ ನನ್ನ ಕೇಳಬೇಡಿ. ನಮ್ಮಜ್ಜನೂ ಕೇಳಲಿಲ್ಲ, ನಮ್ಮಪ್ಪನೂ ಕೇಳಲಿಲ್ಲ.

ಹಾಗಂತ ಕಛೇರಿ ನಿಲ್ಲಿಸೋಕಾಗತ್ತಾ? ಮನೇಲಿ ಪ್ಲೇಟು ಇಲ್ಲದವರೂ ಊರಲ್ಲಿದ್ದಾರಲ್ಲ, ಅವರಿಗೂ ಕಿವಿ ಇದೆಯಲ್ಲ. ಅದಕ್ಕೆ ಹಿರಿಯರು ಒಂದು ದಾರಿ ಮಾಡಿದ್ದಾರೆ. ಬೇರೆ ಊರಲ್ಲಿ ಈ ಹಾಡು ಹಾಡಿ ಅಂತ ಚೀಟಿ ಕಳಿಸ್ತಾರೆ. ನಮ್ಮೂರಲ್ಲಿ ಹಾಡಬೇಡಿ ಅಂತ ಕಳಿಸ್ತೀವಿ. ಕಛೇರಿ ದಿನ ಮಧ್ಯಾಹ್ನ ಹನ್ನೆರಡರ ಒಳಗೆ ಚೀಟಿ ಬರೆದು ಹಿತ್ತಾಳೆ ತಂಬಿಗೆಗೆ ಹಾಕಬೇಕು. ಮನೆಗೆ ಒಂದೇ ಚೀಟಿ. ಹಾಡಿನ ಹೆಸರು, ಕೆಳಗೆ ನಮ್ಮ ಹೆಸರು, ಅಷ್ಟೇ. 'ಬೇಡ' ಅಂತ ಬರೆಯೋ ಹಾಗಿಲ್ಲ. ಸರಸ್ವತಿ ಮುಂದೆ ಬೇಡ ಅನ್ನೋದು ಅಮಂಗಳ, ಬಂದ ವಿದ್ವಾಂಸರಿಗೂ ಅವಮಾನ. ಈ ಕಡೆ ಹಾಡೋರಿಗೆಲ್ಲ ಇದು ಗೊತ್ತು. ತಂಬಿಗೆ ತರಿಸಿ ನೋಡ್ತಾರೆ, ಅದರಲ್ಲಿರೋದನ್ನ ಬಿಟ್ಟು ಬೇರೆ ಹಾಡ್ತಾರೆ.

ಕಛೇರಿ ದಿನ ಬೆಳಗ್ಗೆ ಐದಕ್ಕೇ ಎದ್ದೆ. ಏಳೋದೇನು, ನಿದ್ದೆ ಮಾಡಿದ್ದರಲ್ಲವೇ. ನಮ್ಮ ಬೀದಿ ಆಗಲೇ ಎದ್ದಿತ್ತು. ಕಛೇರಿ ದಿನದ ಬೆಳಗ್ಗೆ ನಮ್ಮಲ್ಲಿ ಎಲ್ಲಾ ಮನೇಲೂ ಆ ಗಾಯಕರದ್ದೇ ರೆಕಾರ್ಡು ಹಾಕ್ತಾರೆ. ಯಾವುದು ಹೋಗತ್ತೋ ಯಾವುದು ಉಳಿಯತ್ತೋ, ಇರುವಾಗಲೇ ಕೇಳಿಬಿಡೋಣ ಅಂತ. ಎದುರುಮನೆ ಜಲಜಾಕ್ಷಮ್ಮ ಜಗಲೀಲಿ ಕೂತು ಕನಕವಲ್ಲಿಯಮ್ಮನ ಜೋಗುಳ ಕೇಳ್ತಾ ಕಣ್ಣೊರೆಸಿಕೊಳ್ತಿದ್ದರು. ಅವರ ಮೂರು ಮಕ್ಕಳೂ ಮಲಗಿದ್ದು ಅದೇ ಜೋಗುಳಕ್ಕೆ. ಈಗ ಮೊಮ್ಮಗಳು ಮಲಗೋದೂ ಅದಕ್ಕೇ.

"ಚೀಟಿ ಬರೆದ್ರಾ, ಸೀತಾಪತಿಯೋರೇ?" ಅಂದರು.

"ಹದಿನೇಳು ದಿನದಿಂದ ಜೇಬಲ್ಲೇ ಇದೆ ಕಣ್ರೀ. ನಾಲ್ಕು ಸಲ ತಿದ್ದಿ ಬರೆದೆ."

"ನಾನೂ ಜೋಗುಳದ ಹೆಸರೇ ಬರೆದೆ. ಆಯಮ್ಮ ದೊಡ್ಡೋರು, ನಮ್ಮ ಹೊಟ್ಟೆ ಉರಿಸಲ್ಲ ಬಿಡಿ" ಅಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ಗೊತ್ತಾಗಲಿಲ್ಲ.

ನನ್ನ ಹತ್ತಿರ ಕನಕವಲ್ಲಿಯಮ್ಮನ ರೆಕಾರ್ಡು ಐದಿವೆ. ನಾಲ್ಕು ಹೋದರೂ ಹೋಗಲಿ, ಅತ್ತು ಸುಮ್ಮನಾಗ್ತೀನಿ. ಐದನೇದು ಹಾಗಲ್ಲ. ಅದರಲ್ಲಿ ಒಂದು ಕಡೆ ಪೂರ್ತಿ ಕಾಂಬೋಧಿ ರಾಗದಲ್ಲಿ 'ನೆರಳಿಗೆ ನೀರೆರೆದೆನಯ್ಯಾ' ಅಂತ ಒಂದು ಹಾಡು, ಹದಿನೆಂಟು ನಿಮಿಷ. ಪಿಟೀಲಿಲ್ಲ, ಮೃದಂಗವಿಲ್ಲ. ಅಮ್ಮನ ಗಂಟಲು, ಹಿಂದೆ ಒಂದು ತಂಬೂರಿ. ಆ ತಂಬೂರಿ ಮೀಟಿದವಳು ನನ್ನ ಹೆಂಡತಿ ತುಂಗಾ.

ಆಗಿನ್ನೂ ಹೆಂಡತಿಯಲ್ಲ, ಮದುವೆಗೆ ಒಂದು ತಿಂಗಳಿತ್ತು. ದೂರದ ಊರಲ್ಲಿ ಕನಕವಲ್ಲಿಯಮ್ಮನ ಮನೇಲೇ ಇದ್ದು ಪಾಠ ಹೇಳಿಸಿಕೊಂಡವಳು, ಅವರನ್ನ ಅಕ್ಕಾ ಅಕ್ಕಾ ಅಂತಲೇ ಕರೀತಿದ್ದಳು. ರೆಕಾರ್ಡು ಆದ ದಿನ ಹಾಡು ಮುಗೀತು, ತಂಬೂರಿ ನಿಂತಿತು, ಇವಳು ತಡೆಯಲಾರದೆ ಕೇಳಿಬಿಟ್ಟಳು, "ಶ್ರುತಿ ಇಳೀತಾ, ಅಕ್ಕಾ?" ಅಂತ. ಕಂಪನಿಯವರು ಅದನ್ನ ಕತ್ತರಿಸೋಕೆ ಮರೆತರು. ಅಕ್ಕ ಏನಂದರು ಅನ್ನೋದು ಮಾತ್ರ ಪ್ಲೇಟಲ್ಲಿಲ್ಲ. ಅಷ್ಟರಲ್ಲಿ ಗೆರೆ ಮುಗಿದು ಮುಳ್ಳು ಎದ್ದುಬಿಡತ್ತೆ.

ತುಂಗಾ ಮದುವೆಯಾಗಿ ಬಂದ ಮೇಲೆ ತಂಬೂರಿ ಮುಟ್ಟಲಿಲ್ಲ. ಒಂದು ದಿನವೂ ಇಲ್ಲ. ಎಷ್ಟು ಗೋಗರೆದರೂ ಇಲ್ಲ. "ಅಷ್ಟು ಒಳ್ಳೇ ಹಾಡನ್ನ ನಾನೇ ಕೆಡಿಸಿದೆ ಕಣ್ರೀ" ಅಂತಿದ್ದಳು. ಅಕ್ಕ ಏನಂದರು ಹೇಳೇ ಅಂದರೆ, "ಇಲ್ಲ ಅಂದ್ರು. ಆದರೆ ಅಕ್ಕ ಮನಸ್ಸು ನೋಯಿಸೋರಲ್ಲ, ಸುಳ್ಳಾದ್ರೂ ಹೇಳ್ತಾರೆ" ಅಂತ ಎದ್ದು ಅಡಿಗೆಮನೆಗೆ ಹೋಗಿಬಿಡೋಳು. ಅವಳು ಹೋಗಿ ಐದು ವರ್ಷ ಆಯ್ತು. ಫೋಟೋ ಇದೆ, ಸೀರೆ ಇದೆ, ಅವಳ ಕೈ ಬರಹದ ಉಪ್ಪಿನಕಾಯಿ ಅಳತೆ ಇದೆ. ದನಿ ಅಂತ ಇರೋದು ಆ ಮೂರು ಮಾತು. ಅದು ಹೋದರೆ ನನಗೆ ಇನ್ನೇನೂ ಉಳಿಯಲ್ಲ.

ಬೆಳಗ್ಗೆ ಆರಕ್ಕೆ ಮೊದಲನೇ ಪ್ಲೇಟು ಹಾಕಿದೆ. ಎಂಥಾ ಭೈರವಿ ಅಂತೀರಿ! ಬೇರೆ ದಿನವಾಗಿದ್ದರೆ ಕುರ್ಚೀಲಿ ಕೂತಲ್ಲೇ ಕರಗಿಹೋಗ್ತಿದ್ದೆ. ಅವತ್ತು ಕಿವಿ ಒಂದು ಕಡೆ, ಜೀವ ಒಂದು ಕಡೆ. ಎರಡನೇದರಲ್ಲಿ ದೇವರನಾಮಗಳು, ಮೂರನೇದರಲ್ಲಿ ಜೋಗುಳ. ಅಷ್ಟೊತ್ತಿಗೆ ಹನೀಫ್ ಬಂದ. ಹನೀಫ್ ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಊರಿನ ಪ್ಲೇಯರುಗಳಿಗೆಲ್ಲಾ ಮುಳ್ಳು ಹಾಕೋನು ಅವನೇ. ನನ್ನ ಜೊತೆ ನಾಲ್ಕನೇ ಕ್ಲಾಸಿನಿಂದ ಜಗಳ ಆಡ್ಕೊಂಡು ಬಂದಿದ್ದಾನೆ.

"ಐದನೇದು ಆಯ್ತಾ?" ಅಂದ.

"ಇಲ್ಲ."

"ಹಾಕು ಮಾರಾಯ. ಆಮೇಲೆ ಟೈಮ್ ಇರಲ್ಲ."

"ಅದನ್ನ ಈಗ ಹಾಕಿದ್ರೆ ಕೊನೇ ಸಲ ಅಂತ ಒಪ್ಪಿಕೊಂಡ ಹಾಗೆ. ಹಾಕಲ್ಲ."

"ಅರೆ, ನಿನ್ನ ಹಠಕ್ಕೆ ಬೆಂಕಿ ಬೀಳ! ಕೇಳದೇನೇ ಹೋಗಿಬಿಟ್ರೆ?"

ಅವನು ಹೇಳೋದು ಸರಿ. ನನಗೂ ಗೊತ್ತು. ಕವರಿನಿಂದ ತೆಗೆದೆ, ಬಟ್ಟೇಲಿ ಒರೆಸಿದೆ, ಮುಳ್ಳು ಇಟ್ಟೆ. ಕನಕವಲ್ಲಿಯಮ್ಮನ ದನಿ ತುಂಬಿಕೊಂಡು ಬಂತು. ನಾನು ಅದರ ಕೆಳಗೆ ತಂಬೂರಿ ಹುಡುಕ್ತಾ ಕೂತೆ. ಮೂವತ್ತೆಂಟು ವರ್ಷದಿಂದ ನನ್ನದು ಇದೇ ಗೋಳು. ಅಮ್ಮ ಉಸಿರು ತಗೊಳ್ಳೋ ಸಂದೀಲಿ ಎರಡು ಮೀಟು ಕೇಳತ್ತೆ, ಮತ್ತೆ ಮುಚ್ಚಿಹೋಗತ್ತೆ. ಅಷ್ಟು ದೊಡ್ಡ ಗಂಟಲಿನ ಕೆಳಗೆ ನನ್ನ ಹೆಂಡತಿ ಎಲ್ಲಿದ್ದಾಳೆ ಅಂತ ಹುಡುಕೋದು. ಅಮ್ಮನ ಮೇಲೆ ಎಷ್ಟೋ ಸಲ ಸಿಟ್ಟು ಬಂದಿದೆ, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ಸುಮ್ಮನಿರಬಾರದಾ ತಾಯಿ ಅಂತ ಅಂದುಕೊಂಡಿದ್ದೀನಿ.

ಕೊನೆಗೆ, "ಶ್ರುತಿ ಇಳೀತಾ, ಅಕ್ಕಾ?"

ಮುಳ್ಳು ಎದ್ದಿತು. ಹನೀಫ್ ಟೋಪಿ ತೆಗೆದು ಮಂಡಿ ಮೇಲೆ ಇಟ್ಟುಕೊಂಡಿದ್ದ. "ನಡಿ, ಚೀಟಿ ಹಾಕಿ ಬರೋಣ" ಅಂದ.

ಸಂಘದ ಹಾಲ್ ಹತ್ತಿರ ಕ್ಯೂ ಇತ್ತು. ನಲವತ್ತು ಐವತ್ತು ಜನ, ಎಲ್ಲರ ಕೈಲೂ ಮಡಿಚಿದ ಚೀಟಿ, ಎಲ್ಲರ ಮುಖದಲ್ಲೂ ಪರೀಕ್ಷೆ ರಿಸಲ್ಟಿಗೆ ಕಾದವರ ಕಳೆ. ನನ್ನ ಚೀಟಿ ತಂಬಿಗೆಗೆ ಬಿತ್ತು. ಆದರೂ ಸಮಾಧಾನ ಇಲ್ಲ. ಸಂಘದ ಕಾರ್ಯದರ್ಶಿ ದೊರೆಸ್ವಾಮಿಯನ್ನ ಪಕ್ಕಕ್ಕೆ ಕರೆದೆ.

"ಅಮ್ಮನಿಗೆ ನಮ್ಮ ಪದ್ಧತಿ ಹೇಳಿದ್ದೀಯೇನಪ್ಪಾ?"

"ಅವರಿಗೆ ಹೇಳೋದಾ ಸಾರ್? ಅರವತ್ತು ವರ್ಷದಿಂದ ಹಾಡ್ತಿರೋರು. ಎಲ್ಲಾ ಗೊತ್ತಿರತ್ತೆ."

"ನಮ್ಮೂರಿಗೆ ಬಂದಿರೋದು ಇದೇ ಮೊದಲು ಕಣಯ್ಯಾ."

"ಸುಮ್ನಿರಿ ಸಾರ್, ಬೆಳಗ್ಗೆಯಿಂದ ಎಲ್ಲರೂ ಇದನ್ನೇ ಕೇಳ್ತೀರ" ಅಂತ ಮೈಕಿನವನನ್ನ ಬೈಯೋಕೆ ಹೋದ.

ನನಗೆ ಕಾಲು ನಿಲ್ಲಲಿಲ್ಲ. ಅಮ್ಮ ಇಳಿದುಕೊಂಡಿದ್ದ ಮನೆಗೇ ಹೋದೆ. ಬಾಗಿಲಲ್ಲಿ ಅವರ ತಮ್ಮನ ಮಗಳು, ವಸುಮತಿ ಅಂತೆ, ತಡೆದಳು. ಅತ್ತೆ ಮಲಗಿದ್ದಾರೆ, ಎಂಬತ್ತರ ವಯಸ್ಸು, ಕಣ್ಣು ಬೇರೆ ಮಂಜು, ಈಗ ಯಾರನ್ನೂ ನೋಡಲ್ಲ ಅಂದಳು. ಹೋಗಲಿ, ಚೀಟಿ ವಿಷಯ ಅಮ್ಮನಿಗೆ ಗೊತ್ತಾ ಅಂತ ಕೇಳಿದೆ.

"ಗೊತ್ತು ಗೊತ್ತು. ಇಷ್ಟೊಂದು ಚೀಟಿ ಬಂದಿದೆ ಅಂತ ಈಗ ತಾನೇ ಹೇಳಿದೆ. ಅತ್ತೆಗೆ ಎಷ್ಟು ಖುಷಿಯಾಯ್ತು ಅಂತೀರಿ!"

ಖುಷಿ? ವಾಪಸು ಬರುವಾಗ ಆ ಮಾತು ಚಪ್ಪಲೀಲಿ ಸಿಕ್ಕಿಕೊಂಡ ಕಲ್ಲಿನ ಹಾಗೆ ಚುಚ್ತಾ ಬಂತು. ಹಾಡಬೇಡಿ ಅನ್ನೋ ಚೀಟಿ ನೋಡಿ ಖುಷಿಪಡೋರು ಯಾರು? ದೊಡ್ಡವರ ಮನಸ್ಸೇ ಬೇರೆ ಇರಬಹುದು, ತಮ್ಮ ರೆಕಾರ್ಡು ಇಷ್ಟು ಜನರ ಮನೇಲಿದೆ ಅಂತ ಖುಷಿಯಿರಬಹುದು ಅಂತ ಸಮಾಧಾನ ಮಾಡಿಕೊಂಡೆ. ಮಧ್ಯಾಹ್ನ ಊಟ ಮಾಡಲಿಲ್ಲ.

ನಾಲ್ಕಕ್ಕೆ ಕಛೇರಿ. ಹಾಲ್ ತುಂಬಿಹೋಗಿತ್ತು. ಪ್ಲೇಟಿಲ್ಲದವರು ಮುಂದೆ ನಗ್ತಾ ಕೂತಿದ್ದರು, ನಾವು ಪ್ಲೇಟಿನವರು ಹಿಂದೆ ಉಗುರು ಕಚ್ಚುತ್ತಾ ಕೂತಿದ್ದೆವು. ಕನಕವಲ್ಲಿಯಮ್ಮನನ್ನ ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ಇಷ್ಟೇ ಇಷ್ಟು ಮನುಷ್ಯೆ. ಅಷ್ಟು ದೊಡ್ಡ ದನಿ ಈ ಮೈಯಿಂದ ಬಂದದ್ದೇ ಅನ್ನಿಸಿತು. ಪಕ್ಕದಲ್ಲಿ ವಸುಮತಿ, ಎದುರಿಗೆ ಕರೆಂಟಿನ ಶ್ರುತಿಪೆಟ್ಟಿಗೆ. ತಂಬೂರಿ ಇರಲಿಲ್ಲ.

ಮೊದಲು ಒಂದು ಸಣ್ಣ ಶ್ಲೋಕ ಹಾಡಿದರು. ಅದು ಯಾರ ಮನೆ ರೆಕಾರ್ಡಲ್ಲೂ ಇರಲಿಲ್ಲ, ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ತಂಬಿಗೆ ತರಿಸಿಕೊಂಡರು. ಕೈ ಹಾಕಿ ಒಂದು ಚೀಟಿ ತೆಗೆದು ವಸುಮತಿಗೆ ಕೊಟ್ಟರು. ಅವಳು ಕಿವೀಲಿ ಓದಿದಳು. ಅಮ್ಮ ಮೈಕ್ ಹತ್ತಿರ ಬಂದು, "ಜಲಜಾಕ್ಷಿ ಅನ್ನೋ ತಾಯಿ ಜೋಗುಳ ಕೇಳಿದ್ದಾರೆ. ಆಗಲಿ, ಹಾಡೋಣ" ಅಂದರು.

ದೊರೆಸ್ವಾಮಿ ಅರ್ಧ ಎದ್ದ, ಅರ್ಧದಲ್ಲೇ ನಿಂತ, ಹಾಗೇ ಕೂತ. ಶುರುವಾದ ಹಾಡನ್ನ ತಡೆಯೋರು ಯಾರು? ಅಮ್ಮನ ಮುಖ ನೋಡಬೇಕಿತ್ತು ನೀವು. ಹೊಸ ಊರಿನ ಜನ ತನ್ನ ಹಾಡುಗಳನ್ನೆಲ್ಲಾ ಹೆಸರು ಹಿಡಿದು ಕೇಳಿದ್ದಾರೆ ಅಂತ ಮಗುವಿನ ಹಾಗೆ ಹಿಗ್ಗಿಕೊಂಡು ಹಾಡ್ತಿದ್ದಾರೆ. ಜಲಜಾಕ್ಷಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಬೇಡ ಅಂತ ಬರೆಯಬಾರದು ಅಂತ ಮರ್ಯಾದೆ ಮಾಡಿಕೊಂಡು ಬಂದ್ವಲ್ಲ, ಅನುಭವಿಸಿ ಈಗ.

ಜೋಗುಳ ಮುಗೀತು. ಮುಂದಿನವರು ಚಪ್ಪಾಳೆ ತಟ್ಟಿದರು. ದೊರೆಸ್ವಾಮಿ ಬೆವರೊರೆಸಿಕೊಂಡು ವೇದಿಕೆ ಹತ್ತಿ ಅಮ್ಮನ ಕಡೆ ಬಗ್ಗಿದ. ಅವನು ಬಾಯಿ ತೆರೆಯೋಕೆ ಮುಂಚೆ ಅಮ್ಮ, "ಗೊತ್ತಪ್ಪ, ವಯಸ್ಸಾಯ್ತು, ಆಯಾಸ ಮಾಡಿಕೋಬೇಡಿ ಅಂತ ತಾನೇ? ಇನ್ನೊಂದೇ ಒಂದು, ಅಷ್ಟೇ" ಅಂತ ತಂಬಿಗೆಗೆ ಕೈ ಹಾಕಿಯೇ ಬಿಟ್ಟರು. ಐವತ್ತು ಚೀಟಿಯಲ್ಲಿ ಒಂದು. ನನ್ನದಾಗದಿರಲಿ, ಯಾರದ್ದಾದರೂ ಆಗಲಿ ಅಂತ ಬೇಡಿಕೊಂಡೆ. ಪಕ್ಕದವನ ಮನೆ ಹಾಳಾಗಲಿ ಅಂತಲೇ ಬೇಡಿಕೊಂಡೆ, ಹೌದು.

ವಸುಮತಿ ಓದಿದಳು. ಅಮ್ಮ ಇನ್ನೊಂದು ಸಲ ಓದಿಸಿಕೊಂಡರು. "ಸೀತಾಪತಿ ಅನ್ನೋರು ಎಲ್ಲಿದ್ದೀರಿ?" ಅಂದರು.

ಎದ್ದು ನಿಂತೆ. ಇಡೀ ಹಾಲ್ ತಿರುಗಿ ನೋಡಿತು. ನನ್ನ ಮನೇಲಿ ಏನಿದೆ ಅಂತ ಊರಿಗೆಲ್ಲಾ ಗೊತ್ತು.

"ನಮ್ಮ ತುಂಗಾಳನ್ನ ಮದುವೆಯಾದ ಸೀತಾಪತೀನಾ?"

"ಹೌದಮ್ಮಾ."

"ಅವಳೆಲ್ಲಪ್ಪಾ?"

"ಹೋಗಿ ಐದು ವರ್ಷ ಆಯ್ತು."

ಅಮ್ಮ ಮಂಜು ಕಣ್ಣನ್ನ ನನ್ನ ದನಿ ಬಂದ ಕಡೆಗೇ ಇಟ್ಟುಕೊಂಡು ಕೂತರು. "ನನಗೆ ಯಾರೂ ತಿಳಿಸಲಿಲ್ಲ" ಅಂದರು. ಆಮೇಲೆ, "ಆ ನೆರಳಿನ ಹಾಡು ಮೂವತ್ತೆಂಟು ವರ್ಷದಿಂದ ನಾನು ಎಲ್ಲೂ ಹಾಡಿಲ್ಲ ಕಣಪ್ಪಾ. ತುಂಗಾ ಕೂತು ಮೀಟದೇ ಅದು ಏಳ್ತಿರಲಿಲ್ಲ. ಇವತ್ತು ಅವಳ ಗಂಡ ಬಾಯಿಬಿಟ್ಟು ಕೇಳಿದ್ದಾನೆ, ಹ್ಯಾಗೆ ಇಲ್ಲ ಅನ್ನಲಿ?"

ಹನೀಫ್ ನನ್ನ ಅಂಗಿ ಜಗ್ಗಿದ. "ಹೇಳೋ, ಬೇಡ ಅಂತ ಹೇಳೋ, ಒಂದೇ ಮಾತು" ಅಂತ ಹಲ್ಲು ಕಚ್ಚಿಕೊಂಡು ಅಂದ. ಬಾಯಲ್ಲಿ ಬಿಸಿ ತುಪ್ಪ, ನುಂಗೋಕೂ ಆಗದು ಉಗುಳೋಕೂ ಆಗದು. ಬೇಡ ಅನ್ನೋಕೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಅವತ್ತು ಶ್ರುತಿ ಇಳಿದಿತ್ತಾ, ಅಮ್ಮಾ?"

ಕನಕವಲ್ಲಿಯಮ್ಮ ನಕ್ಕರು. ನಗ್ತಾ ನಗ್ತಾ ಕಣ್ಣಲ್ಲಿ ನೀರು ಬಂತು. "ಅದನ್ನ ಇಷ್ಟು ವರ್ಷ ತಲೇಲಿ ಇಟ್ಟುಕೊಂಡಿದ್ಲಾ ಹುಚ್ಚಿ? ಇಳಿದಿತ್ತಪ್ಪಾ. ನಡುವೆ ಒಂದು ತಂತಿ ಕೂದಲೆಳೆಯಷ್ಟು ಜಾರಿತು. ನಾನೂ ಅದರ ಜೊತೆ ಅಷ್ಟೇ ಇಳಿದೆ. ಅವಳು ಗಾಬರಿಯಾಗಿ ಮೆತ್ತಗೆ ಬಿರಡೆ ತಿರುಗಿಸಿದಳು, ನಾನೂ ಅದರ ಜೊತೆ ಹತ್ತಿದೆ. ಕೇಳಿದವರಿಗೆ ಅದೊಂದು ಗಮಕ ಅನ್ನಿಸಿತು, ಎಲ್ಲರೂ ಹೊಗಳಿದ್ದು ಆ ಜಾಗವನ್ನೇ. ಇಳೀತಾ ಅಂತ ಕೇಳಿದಳು, ಇಲ್ಲ ಕಣೇ ಅಂದೆ. ನಿಜ ಹೇಳಿದ್ರೆ ಮದುವೆ ಹೆಣ್ಣು ಅಳ್ತಾಳೆ ಅಂತ. ತಪ್ಪು ಮಾಡಿದೆ, ಹೇಳಿಬಿಡಬೇಕಾಗಿತ್ತು."

ನಾನು ಕೂತುಬಿಟ್ಟೆ. ಹನೀಫ್ ತಲೆ ಚಚ್ಚಿಕೊಂಡ. ನನ್ನಿಂದ ಆಗಲಿಲ್ಲ ಕಣ್ರೀ. ಅವಳಿಗಾಗಿ ಮೂವತ್ತೆಂಟು ವರ್ಷ ಬಾಯಿ ಕಟ್ಟಿಕೊಂಡಿದ್ದವರಿಗೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?

ಹಾಡಿದರು. ದನಿ ನಡುಗ್ತಿತ್ತು, ಮೇಲಿನ ಷಡ್ಜಕ್ಕೆ ಹತ್ತುವಾಗ ಉಸಿರು ಸಾಲದೆ ಎರಡು ಕಡೆ ನಿಂತರು. ಆದರೂ ನಡುವೆ ಒಂದು ಜಾಗದಲ್ಲಿ ಬೇಕಂತಲೇ ಕೂದಲೆಳೆಯಷ್ಟು ಇಳಿದು ಮತ್ತೆ ಹತ್ತಿದರು. ಶ್ರುತಿಪೆಟ್ಟಿಗೆ ಇಳಿಯಲಿಲ್ಲ, ಅವರೊಬ್ಬರೇ ಇಳಿದರು. ಮುಂದಿನ ಸಾಲಿನವರು ಅಯ್ಯೋ ಪಾಪ ಅಂದುಕೊಂಡಿರಬೇಕು. ನನಗೆ ಗೊತ್ತಿತ್ತು. ಕೊನೇ ಸಾಲು ಬಂತು. ಇನ್ನೊಂದು ಸಲ ಎತ್ತಿಕೊಳ್ಳಲಿ, ಮುಗಿಯದಿರಲಿ ಅಂತ ಒಳಗೊಳಗೇ ಅಂಗಲಾಚಿದೆ. ಮುಗೀತು. ಐದೂಕಾಲು ಆಗಿತ್ತು.

ನಮ್ಮಲ್ಲಿ ಖಾಲಿಯಾದ ಪ್ಲೇಟನ್ನ ಯಾರೂ ಮತ್ತೆ ಹಾಕಿ ನೋಡಲ್ಲ. ಅದರ ಮೇಲೆ ಓಡಿದ ಮುಳ್ಳು ಮಿಕ್ಕ ಪ್ಲೇಟುಗಳನ್ನೂ ಖಾಲಿ ಮಾಡತ್ತೆ ಅಂತ ಮಾತು. ಅದಕ್ಕೆ ಕಛೇರಿ ಮುಗಿದ ಸಂಜೆಯೇ ಸ್ನೇಹಿತರು ಯಾರಾದರೂ ಬಂದು ಅದನ್ನ ತಗೊಂಡು ಹೋಗಿ ಕೆರೆಗೆ ಹಾಕಿ ಬರ್ತಾರೆ, ಮನೆಯವರ ಕೈಲಿ ಆಗಲ್ಲ ಅಂತ. ನಾನೂ ಹನೀಫೂ ಮನೆಗೆ ನಡೆದು ಬಂದೆವು. ಎದುರುಮನೆ ಜಗಲೀಲಿ ಜಲಜಾಕ್ಷಮ್ಮ ಮೊಮ್ಮಗಳನ್ನ ತೊಡೆ ಮೇಲೆ ಹಾಕಿಕೊಂಡು, ತಮ್ಮ ಒಡಕು ದನೀಲೇ ಜೋಗುಳ ಹೇಳ್ತಿದ್ದರು. ಹನೀಫ್ ಬಾಗಿಲಲ್ಲೇ ಕೈ ಚಾಚಿದ.

"ಕೊಡು ಇಲ್ಲಿ. ನಾನು ಹಾಕಿ ಬರ್ತೀನಿ."

"ಕೊಡಲ್ಲ."

"ಇಟ್ಕೊಂಡು ಏನ್ಮಾಡ್ತೀಯೋ?"

"ಹಾಕಿ ನೋಡ್ತೀನಿ."

"ನಿನಗೆ ತಲೆ ಕೆಟ್ಟಿದೆಯಾ? ಭೈರವಿ ಉಳಿದಿದೆ, ದೇವರನಾಮ ಉಳಿದಿದೆ, ಎಲ್ಲಾ ಹಾಳು ಮಾಡ್ಕೊಳ್ತೀಯ!"

"ಹಾಳಾಗಲಿ ಬಿಡೋ. ಇನ್ನು ಕಾಯೋಕೆ ಏನಿದೆ ನನ್ನ ಹತ್ತಿರ?"

ದೀಪ ಹಚ್ಚೋ ಹೊತ್ತು. ದೀಪ ಹಚ್ಚಲಿಲ್ಲ. ಪ್ಲೇಟು ತೆಗೆದು ಬೆಳಗ್ಗೆ ಒರೆಸಿದ ಬಟ್ಟೇಲೇ ಮತ್ತೆ ಒರೆಸಿದೆ. ಮುಳ್ಳು ಇಡೋಕೆ ಹೋಗಿ ಎರಡು ಸಲ ತಪ್ಪಿತು. ಹನೀಫ್ ಹೊಸ್ತಿಲಾಚೆ ಮುಖ ತಿರುಗಿಸಿಕೊಂಡು ನಿಂತಿದ್ದ.

ಮೊದಲು ಬರೀ ಚರಚರ ಸದ್ದು. ಅಷ್ಟೇ ತಾನೇ, ಗೊತ್ತಿದ್ದದ್ದೇ ಅಂದುಕೊಂಡೆ. ಎತ್ತಿಬಿಡೋಣ ಅಂತ ಕೈ ಮುಂದೆ ಹೋಗಿತ್ತು.

ಆಗ ತಂಬೂರಿ ಕೇಳಿಸಿತು.

ಕನಕವಲ್ಲಿಯಮ್ಮನ ದನಿ ಇರಲಿಲ್ಲ. ಒಂದೆಳೆಯೂ ಇರಲಿಲ್ಲ. ಅವರು ಹಾಡಿದ್ದು ಹೋಗಿತ್ತು. ಕಛೇರೀಲಿ ಯಾರೂ ಮೀಟದೇ ಇದ್ದದ್ದು ಹಾಗೇ ಉಳಿದಿತ್ತು. ನಾಲ್ಕು ತಂತಿ, ಒಂದಾದ ಮೇಲೆ ಒಂದು, ಸಾವಕಾಶ, ಮನೆ ತುಂಬಾ. ನಮ್ಮೂರಲ್ಲಿ ಎಷ್ಟು ಪ್ಲೇಟು ಕೆರೆಗೆ ಹಾಕಿದ್ದೇವೋ, ಯಾರ್ಯಾರ ಬೆರಳು ಅದರೊಳಗೆ ಹೀಗೇ ಇತ್ತೋ ಅಂತ ಒಂದು ಗಳಿಗೆ ಎದೆ ಝಲ್ ಅಂತು. ಆಮೇಲೆ ಅದೂ ನೆನಪಿಗೆ ಬರಲಿಲ್ಲ. ತುಂಗಾ ಮೀಟ್ತಿದ್ದಳು, ನಾನು ಕೇಳ್ತಿದ್ದೆ. ಮೂವತ್ತಮೂರು ವರ್ಷ ಸಂಸಾರ ಮಾಡಿದ ಹೆಂಡತಿ ತಂಬೂರಿ ಮೀಟೋದನ್ನ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಹನೀಫ್ ಯಾವಾಗ ಒಳಗೆ ಬಂದು ಗೋಡೆಗೆ ಒರಗಿ ಕೂತನೋ ಗೊತ್ತಿಲ್ಲ.

ಅರ್ಧ ದಾಟಿರಬೇಕು. ಮೂರನೇ ತಂತಿ ಜಾರಿತು. ಕೂದಲೆಳೆಯಷ್ಟು, ಅಮ್ಮ ಹೇಳಿದಷ್ಟೇ. ಮುಂದಿನ ಮೀಟಿಗೆ ಒಂದು ಚಿಕ್ಕ ತಡೆ, ಗಾಬರಿಯಾದ ಬೆರಳು. ಆಮೇಲೆ ಬಿರಡೆಯ ಸಣ್ಣ ಕಿರ್ ಸದ್ದು, ತಂತಿ ಮೆತ್ತಗೆ ಮೇಲಕ್ಕೆ ಹತ್ತಿ ಜಾಗಕ್ಕೆ ಬಂತು. ನಾನು ಗೊಳೋ ಅಂತ ಅತ್ತೆ. ಹನೀಫ್ ಸುಮ್ಮನಿರು ಅಂತ ನನ್ನ ಮಂಡಿ ಅದುಮಿದ.

ಹದಿನೆಂಟು ನಿಮಿಷ ಆಯಿತು. ಕೊನೇ ಮೀಟು ನಿಂತಿತು.

"ಶ್ರುತಿ ಇಳೀತಾ, ಅಕ್ಕಾ?"

ಮುಳ್ಳು ಏಳೋಕೆ ಮುಂಚೆಯೇ ನಾನು ಹೇಳಿಬಿಟ್ಟೆ. "ಇಳಿದಿತ್ತು ಕಣೇ ತುಂಗಾ. ಅಕ್ಕನೂ ನಿನ್ನ ಜೊತೆ ಇಳಿದಿದ್ದರಂತೆ."